ಕಣ್ಣಿನ ಮಟ್ಟ



ನನಗೆ ಅಕ್ಷರ ಕಲಿಸಿದ ಶಾಲೆಯ ಶತಮಾನೋತ್ಸವದಲ್ಲಿ ನನ್ನ ವೃತ್ತಿಯ ಬಗ್ಗೆ ನಾಲ್ಕು ಮಾತು ಆಡಲು ಕರೆದಿದ್ದೀರಿ. ವ್ಯಕ್ತಿಚಿತ್ರ ತೆಗೆಯುವಾಗ ಕ್ಯಾಮೆರಾ ಎಷ್ಟು ಎತ್ತರದಲ್ಲಿರಬೇಕೆಂಬುದನ್ನು ನನಗೆ ಕಲಿಸಿದವರು ನೇಕಾರರಾಗಿದ್ದ ನನ್ನ ತಾತ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದೇವಾಂಗ ನೇಕಾರರಲ್ಲಿ ಅನೇಕರ ಮನೆಮಾತು ಇಂದಿಗೂ ಕನ್ನಡ. ಸಿರುಮುಗೈಯ ತಾತನ ಮನೆಯೂ ಅಂಥದೇ. ಗುಂಡಿಮಗ್ಗದಲ್ಲಿ ನೇಯುವವರು ಕಾಲುಗಳನ್ನು ಗುಂಡಿಗೆ ಇಳಿಬಿಟ್ಟು ನೆಲದ ಮಟ್ಟದಲ್ಲಿ ಕುಳಿತಿರುತ್ತಾರೆ. ರಜೆಗೆ ಹೋಗಿದ್ದ ನಾನು ಹೊಸ ಕ್ಯಾಮೆರಾ ಹಿಡಿದು, ನಿಂತಲ್ಲಿಂದಲೇ ಅವರ ಚಿತ್ರ ತೆಗೆದೆ. ಅದನ್ನು ನೋಡಿದ ತಾತ, “ಗುಂಡೀಲಿ ಬಿದ್ದವನ ಹಂಗೆ ಕಾಣ್ತೀನಲ್ಲಪ್ಪಾ” ಎಂದರು.

ಅವರ ಮಾತು ನಿಜವಾಗಿತ್ತು. ಹತ್ತಿರದಲ್ಲಿ ನಿಂತು ಮೇಲಿನಿಂದ ತೆಗೆದರೆ ಹಣೆ ದೊಡ್ಡದಾಗಿ, ಗದ್ದ ಸಣ್ಣದಾಗಿ, ದೇಹ ಕುಗ್ಗಿದಂತೆ ಕಾಣುತ್ತದೆ. ಹಾಗೆಂದು ತೀರ ಕೆಳಗಿನಿಂದ ತೆಗೆದರೆ ಗೌರವ ಹೆಚ್ಚುವುದಿಲ್ಲ. ಗದ್ದ, ಮೂಗಿನ ಹೊಳ್ಳೆಗಳು ಎದ್ದು ಕಂಡು ಮುಖ ಬಿಗಿದುಕೊಳ್ಳುತ್ತದೆ. ಮುಖದ ಚಿತ್ರಕ್ಕೆ ಕಣ್ಣಿನ ಮಟ್ಟ, ಸೊಂಟದವರೆಗಿನ ಚಿತ್ರಕ್ಕೆ ಎದೆಯ ಮಟ್ಟ, ನಿಂತವರ ಪೂರ್ಣ ಚಿತ್ರಕ್ಕೆ ಸೊಂಟದ ಮಟ್ಟ: ಇವು ಸಾಮಾನ್ಯವಾಗಿ ಕೈಬಿಡದ ನಿಯಮಗಳು. ಮುಖಕ್ಕೆ ತೀರ ಹತ್ತಿರ ಹೋಗದೆ ಐದಾರು ಅಡಿ ದೂರವಿದ್ದರೆ ಮೂಗು ಉಬ್ಬುವುದಿಲ್ಲ.

ಮರುದಿನ ನಾನು ನೆಲದ ಮೇಲೆ ಕುಳಿತೆ. ಆಡುವ ಹಲಗೆ ಮುಖಕ್ಕೆ ಅಡ್ಡ ಬಾರದಂತೆ ತುಸು ಪಕ್ಕಕ್ಕೆ ಸರಿದು, ಕ್ಯಾಮೆರಾವನ್ನು ತಾತನ ಕಣ್ಣಿನ ಮಟ್ಟಕ್ಕೆ ತಂದೆ. ಕ್ಯಾಮೆರಾ ಬಾಗದಿದ್ದುದರಿಂದ ಮಗ್ಗದ ಕಂಬಗಳು ನೆಟ್ಟಗೆ ನಿಂತವು. ಹಿಂದಿನ ದಿನ ಬರಿಯ ನೆಲವಿದ್ದ ಹಿನ್ನೆಲೆಯಲ್ಲಿ ಈಗ ಅವರ ಮನೆಯೇ ಕಂಡಿತು. ಅವರು ಕ್ಯಾಮೆರಾವನ್ನು ನೋಡಲಿಲ್ಲ; ಮೊಮ್ಮಗನನ್ನು ನೋಡಿದರು.

ಮಕ್ಕಳ ವಿಷಯದಲ್ಲಿಯೂ ಇದೇ ಮಾತು. ಮೈಸೂರಿನ ಟಿ. ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. ಮಗುವಿನ ಲೋಕ ಕಾಣಬೇಕಾದರೆ ಹಿರಿಯರು ಮಂಡಿಯೂರಲೇಬೇಕು.

ತಾತ ಈಗಿಲ್ಲ. ಗುಂಡಿಯನ್ನು ಮುಚ್ಚಿ ನೆಲ ಹಾಕಿಸಿದ್ದೇವೆ. ಗೋಡೆಯ ಮೇಲಿರುವುದು ಎರಡನೆಯ ಚಿತ್ರ. ಮೊದಲನೆಯದನ್ನು ನನ್ನ ಎಚ್ಚರಿಕೆಗಾಗಿ ಮೇಜಿನಲ್ಲಿ ಇಟ್ಟುಕೊಂಡಿದ್ದೇನೆ.

ಇಂದು ಎಲ್ಲರ ಕೈಯಲ್ಲಿಯೂ ಕ್ಯಾಮೆರಾ ಇದೆ. ಮನೆಗೆ ಹೋದ ಮೇಲೆ ಹಿರಿಯರ ಒಂದು ಚಿತ್ರ ತೆಗೆಯಿರಿ. ಅವರನ್ನು ಎಬ್ಬಿಸಬೇಡಿ, ನೀವು ಕುಳಿತುಕೊಳ್ಳಿ.