ರಕ್ತದ ಕುರುಹೂ ದೇಹದ ಅರಿವೂ
(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ವ್ಯಾಕರಣವನ್ನೂ ತರ್ಕವನ್ನೂ ವಚನಶಾಸ್ತ್ರವನ್ನೂ ಪಾಠ ಹೇಳುತ್ತ ಬಂದಿರುವ ನಾನು ಈ ದಿನ ರಕ್ತಪರೀಕ್ಷೆಯ ವಿಚಾರವಾಗಿ ಮಾತನಾಡಲು ನಿಂತಿರುವುದನ್ನು ಕಂಡು ತಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ನಾನು ವೈದ್ಯನಲ್ಲ. ಆದರೆ ಎರಡು ವರ್ಷಗಳ ಹಿಂದೆ ನನ್ನ ಅಜ್ಞಾನವೇ ನನಗೆ ಗುರುವಾಯಿತು. ಅದನ್ನು ಮುಚ್ಚಿಡುವುದಕ್ಕಿಂತ ಸಭೆಯ ಮುಂದಿಡುವುದು ಮೇಲೆಂದು ತಿಳಿದು ನಿಂತಿದ್ದೇನೆ.

ನನ್ನದು ಬಡಕಲು ಶರೀರವೆಂಬುದನ್ನು ತಾವೆಲ್ಲರೂ ಬಲ್ಲಿರಿ. ಮಾಂಸ ಮದ್ಯಗಳ ಸೋಂಕಿಲ್ಲ, ಹೊಗೆಸೊಪ್ಪಿನ ಅಭ್ಯಾಸವಿಲ್ಲ, ಮಠದ ಪ್ರಸಾದವೇ ನನ್ನ ಆಹಾರ. ಇಂಥವನಿಗೆ ಸಕ್ಕರೆ ರೋಗವೆಲ್ಲಿ ಬಂದೀತೆಂಬ ಗರ್ವವು ನನ್ನಲ್ಲಿದ್ದಿತು. ಶಿಷ್ಯನೊಬ್ಬನ ಒತ್ತಾಯಕ್ಕೆ ಮಣಿದು ರಕ್ತಪರೀಕ್ಷೆ ಮಾಡಿಸಿದಾಗ, ಬರಿಹೊಟ್ಟೆಯ ಸಕ್ಕರೆ 112, ಟ್ರೈಗ್ಲಿಸರೈಡ್ ಎಂಬ ಕೊಬ್ಬು 238, ಒಳ್ಳೆಯ ಕೊಲೆಸ್ಟರಾಲೆಂದು ಕರೆಯುವ ಎಚ್‌ಡಿಎಲ್ 34 ಎಂದು ಬಂದಿತು. ನಂಬದೆ ಮತ್ತೊಂದು ಪ್ರಯೋಗಾಲಯಕ್ಕೆ ಹೋದೆನು. ಅಲ್ಲಿಯೂ ಹೆಚ್ಚು ಕಡಮೆ ಅದೇ ಉತ್ತರ. ವೈದ್ಯರು ಟೇಪನ್ನು ತಂದು ನನ್ನ ಹೊಟ್ಟೆಯನ್ನು ಅಳೆದರು. ಕೈಕಾಲು ಕಡ್ಡಿಯಂತಿದ್ದರೂ ಹೊಟ್ಟೆಯ ಸುತ್ತಳತೆ 93 ಸೆಂಟಿಮೀಟರು.

ನಮ್ಮ ಪರಂಪರೆಯಲ್ಲಿ ಅರುಹು, ಕುರುಹು ಎಂಬ ಎರಡು ಮಾತುಗಳು ಪ್ರಸಿದ್ಧವಾಗಿವೆಯಷ್ಟೆ. ಕುರುಹಿನ ಮೂಲಕ ಅರುಹನ್ನು ಸೇರಬೇಕೇ ಹೊರತು ಕುರುಹಿನಲ್ಲಿಯೇ ನಿಂತುಬಿಡಬಾರದು. ರಕ್ತದ ಅಂಕಿಗಳೂ ಅಂಥ ಕುರುಹುಗಳೇ. ಅವುಗಳನ್ನು ಕಂಡು ಹೆದರುವುದೂ ಸಲ್ಲದು, ಕಾಗದವನ್ನು ಮಡಿಸಿ ಪೆಟ್ಟಿಗೆಯಲ್ಲಿಡುವುದೂ ಸಲ್ಲದು. ಅವು ಏನನ್ನು ಹೇಳುತ್ತಿವೆಯೆಂಬುದನ್ನು ತಿಳಿಯತಕ್ಕದ್ದು.

ಮೆಟಬಾಲಿಕ್ ಸಿಂಡ್ರೋಮ್ ಎಂದು ವೈದ್ಯರು ಹೇಳುವುದು ಒಂದು ರೋಗವನ್ನಲ್ಲ, ಲಕ್ಷಣಗಳ ಒಂದು ಕೂಟವನ್ನು. ಬೇರೆ ಬೇರೆಯೆಂದು ತೋರುವ ಈ ಲಕ್ಷಣಗಳು ಒಂದೇ ಬೇರಿನಿಂದ ಹುಟ್ಟುವುವೆಂದು ಅಮೆರಿಕದ ಜೆರಾಲ್ಡ್ ರೀವನ್ ಎಂಬ ವೈದ್ಯರು 1988ರಲ್ಲಿ ಪ್ರತಿಪಾದಿಸಿದರು. 2009ರಲ್ಲಿ ಹಲವು ದೇಶಗಳ ವೈದ್ಯಸಂಸ್ಥೆಗಳು ಕೂಡಿ ಒಪ್ಪಿದ ನಿಯಮದಂತೆ ಕುರುಹುಗಳು ಐದು. ನಮ್ಮ ದೇಶದವರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಅಥವಾ ಅದಕ್ಕೆ ಮೇಲಿರುವುದು ಒಂದು. ಟ್ರೈಗ್ಲಿಸರೈಡು 150 ಅಥವಾ ಅದಕ್ಕೆ ಮೇಲಿರುವುದು ಎರಡು. ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಮೆಯಾಗುವುದು ಮೂರು. ರಕ್ತದೊತ್ತಡದ ಮೇಲಂಕಿ 130ನ್ನಾಗಲಿ ಕೆಳಗಿನದು 85ನ್ನಾಗಲಿ ಮುಟ್ಟುವುದು ನಾಲ್ಕು. ಬರಿಹೊಟ್ಟೆಯ ಸಕ್ಕರೆ 100ನ್ನು ಮುಟ್ಟುವುದು ಐದು. ಇವುಗಳಲ್ಲಿ ಯಾವ ಮೂರಾದರೂ ಸೇರಿದರೆ ಕೂಟವು ಸಿದ್ಧವಾದಂತೆ. ನನ್ನಲ್ಲಿ ನಾಲ್ಕು ಸೇರಿದ್ದುವು. ಮುಂದೆ ಮಧುಮೇಹಕ್ಕೂ ಹೃದ್ರೋಗಕ್ಕೂ ಈ ಕೂಟವೇ ದಾರಿ ಮಾಡಿಕೊಡುವುದು.

ತುಪ್ಪವನ್ನು ಮಿತವಾಗಿಯೇ ತಿನ್ನುವವನ ರಕ್ತದಲ್ಲಿ ಕೊಬ್ಬು ಎಲ್ಲಿಂದ ಬಂದಿತೆಂದು ನಾನು ಕೇಳಿದೆನು. ವೈದ್ಯರ ಉತ್ತರವು ಹೀಗಿದ್ದಿತು. ಅನ್ನವು ಜೀರ್ಣವಾಗಿ ಸಕ್ಕರೆಯಾಗಿ ರಕ್ತವನ್ನು ಸೇರುವುದು. ಆ ಸಕ್ಕರೆಯು ಮಾಂಸಖಂಡಗಳೊಳಕ್ಕೆ ಹೋಗುವಂತೆ ಕದ ತೆರೆಯುವುದು ಇನ್ಸುಲಿನ್ ಎಂಬ ರಸ. ಮೈಗೆ ಕೆಲಸವಿಲ್ಲದೆ ಹೊಟ್ಟೆಯೊಳಗೆ ಕೊಬ್ಬು ಸೇರಿದಾಗ ಇನ್ಸುಲಿನ್ನಿನ ಮಾತು ನಡೆಯದಾಗುವುದು. ಆಗ ಮೇದೋಜೀರಕ ಗ್ರಂಥಿಯು ಅದನ್ನು ಇನ್ನಷ್ಟು ಸುರಿಸುವುದು. ಮಿಕ್ಕ ಸಕ್ಕರೆಯನ್ನು ಯಕೃತ್ತು ಕೊಬ್ಬಾಗಿ ಮಾರ್ಪಡಿಸಿ ರಕ್ತಕ್ಕೆ ಬಿಡುವುದು. ಟ್ರೈಗ್ಲಿಸರೈಡು ಏರುವುದೂ ಎಚ್‌ಡಿಎಲ್ ಇಳಿಯುವುದೂ ಇದರಿಂದಲೇ. ಗ್ರಂಥಿಯು ಹೆಣಗುತ್ತಿರುವಷ್ಟು ಕಾಲ ಸಕ್ಕರೆಯ ಅಂಕಿಯು ಸರಿಯಾಗಿಯೇ ಕಾಣುವುದುಂಟು. ಆದುದರಿಂದ ಸಕ್ಕರೆಯೊಂದನ್ನೇ ನೋಡಿ ನಿಶ್ಚಿಂತರಾಗತಕ್ಕದ್ದಲ್ಲ; ಸೊಂಟದ ಅಳತೆಯೂ ಈ ಎರಡು ಕೊಬ್ಬಿನ ಅಂಕಿಗಳೂ ಅನೇಕರಲ್ಲಿ ವರ್ಷಗಳ ಮುಂಚೆಯೇ ಸುಳಿವು ಕೊಡುವುವು.

ತೆಳ್ಳಗಿರುವವನಿಗೂ ಈ ವ್ಯಾಧಿಯುಂಟೆಂಬುದು ನಮ್ಮ ಹಿಂದಿನವರಿಗೆ ತಿಳಿಯದ ಸಂಗತಿಯಲ್ಲ. ಪ್ರಮೇಹಿಗಳಲ್ಲಿ ಸ್ಥೂಲನೆಂದೂ ಕೃಶನೆಂದೂ ಇಬ್ಬಗೆಯವರನ್ನು ಚರಕಸಂಹಿತೆಯು ಬೇರ್ಪಡಿಸಿ, ಅವರಿಗೆ ಬೇರೆ ಬೇರೆ ಚಿಕಿತ್ಸೆಯನ್ನು ವಿಧಿಸಿದೆ. ತರ್ಕವನ್ನು ಓದಿದ ವಿದ್ಯಾರ್ಥಿಗಳಿಗೆ ಕಾದ ಕಬ್ಬಿಣದ ಗುಂಡಿನ ದೃಷ್ಟಾಂತವು ನೆನಪಿರಬಹುದು. ಅಲ್ಲಿ ಹೊಗೆಯಿಲ್ಲ, ಬೆಂಕಿಯುಂಟು. ನನ್ನ ಸ್ಥಿತಿಯೂ ಅದೇ ಆಗಿದ್ದಿತು.

ಇನ್ನು ನಮ್ಮ ಮೈಸೂರಿನ ಸಂಗತಿಗೆ ಬರುತ್ತೇನೆ. ಈ ಕೂಟದ ಬೇರು ಎಷ್ಟು ಹಿಂದಕ್ಕೆ ಹೋಗುವುದೆಂಬುದನ್ನು ಜಗತ್ತಿಗೆ ತೋರಿಸಿದ ಊರುಗಳಲ್ಲಿ ನಮ್ಮದೂ ಒಂದೆಂಬುದು ಬಹುಮಂದಿಗೆ ತಿಳಿಯದು. ನಾವು ಮಿಷನ್ ಆಸ್ಪತ್ರೆಯೆನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1906ರಲ್ಲಿ ಸ್ಥಾಪಿತವಾಯಿತು. ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು 1934ರಿಂದ ಬರೆದಿಟ್ಟಿದ್ದರು. ಆ ಲೆಕ್ಕವನ್ನು ಬರೆದವರಿಗೆ ಅದರ ಉಪಯೋಗವು ಅರ್ಧ ಶತಮಾನದ ಮೇಲೆ ಬಂದೀತೆಂಬ ಊಹೆಯಿದ್ದಿರಲಾರದು. ಇಂಗ್ಲೆಂಡಿನ ಸೌತಾಂಪ್ಟನ್ನಿನ ವಿದ್ವಾಂಸರೂ ಇಲ್ಲಿಯ ವೈದ್ಯರೂ ಕೂಡಿ, ಹಾಗೆ ಹುಟ್ಟಿ ನಡುವಯಸ್ಸಿಗೆ ಬಂದು ಈ ಪ್ರಾಂತ್ಯದಲ್ಲಿಯೇ ನೆಲಸಿದ್ದವರನ್ನು ಹುಡುಕಿ ಪರೀಕ್ಷಿಸಿದರು. 517 ಮಂದಿಯನ್ನು ಕುರಿತು 1996ರಲ್ಲಿ ಪ್ರಕಟವಾದ ವರದಿಯಲ್ಲಿ, ಹುಟ್ಟುವಾಗ ತೂಕ ಕಡಮೆಯಿದ್ದವರಲ್ಲಿ ಹೃದ್ರೋಗವು ಹೆಚ್ಚಾಗಿ ಕಂಡುಬಂದಿತು. 1998ರ ವರದಿಯಲ್ಲಿ ಮಧುಮೇಹದ ರೀತಿಯು ಬೇರೆಯಾಗಿ ತೋರಿತು: ಹುಟ್ಟುವಾಗ ಉದ್ದ ಕಡಮೆಯಾಗಿ, ಆ ಉದ್ದಕ್ಕೆ ತೂಕ ಹೆಚ್ಚಾಗಿದ್ದವರಲ್ಲಿಯೂ, ತಾಯಿಯ ಮೈತೂಕ ಹೆಚ್ಚಾಗಿದ್ದವರಲ್ಲಿಯೂ ಅದು ಅಧಿಕವಾಗಿದ್ದಿತು.

ಅನಂತರ 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಎಂಟುನೂರಕ್ಕೆ ಮೇಲ್ಪಟ್ಟ ಗರ್ಭಿಣಿಯರನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷಾನುವರ್ಷ ನೋಡುತ್ತ ಬಂದರು. ಪಾರ್ಥಿನಾನ್ ಅಧ್ಯಯನವೆಂದು ಇದಕ್ಕೆ ಹೆಸರು. ನಮ್ಮೂರ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ಎಲ್ಲ ಅಳತೆಗಳಲ್ಲಿಯೂ ಚಿಕ್ಕವಾಗಿದ್ದರೂ, ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ಮಾತ್ರ ಅಷ್ಟಾಗಿ ಹಿಂದುಳಿದಿರಲಿಲ್ಲ. ಗರ್ಭಕಾಲದಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತೂವರೆ ವರ್ಷದ ವಯಸ್ಸಿಗೇ ಕೊಬ್ಬು ಹೆಚ್ಚಿ, ಇನ್ಸುಲಿನ್ನಿಗೆ ಮೈಯು ಬಗ್ಗದೆ, ಅಪಾಯದ ಕುರುಹುಗಳು ಗುಂಪುಗೂಡಿದ್ದುವೆಂದು 2010ರಲ್ಲಿ ಪ್ರಕಟಿಸಿದರು. ಬಡಕಲು ಮೈಯೊಳಗೆ ಅಡಗಿದ ಕೊಬ್ಬು ನನ್ನೊಬ್ಬನ ಕಥೆಯಲ್ಲವೆಂಬುದು ಇದರಿಂದ ತಿಳಿದಂತಾಯಿತು.

ಈ ಅಧ್ಯಯನದ ಮತ್ತೊಂದು ಫಲವು ಶಾಕಾಹಾರಿಗಳಾದ ನಮಗೆ ವಿಶೇಷವಾಗಿ ಸಂಬಂಧಪಟ್ಟುದು. 785 ಗರ್ಭಿಣಿಯರ ರಕ್ತದಲ್ಲಿ ಬಿ12 ಎಂಬ ಜೀವಸತ್ವವನ್ನು ಅಳೆದಾಗ, ನೂರಕ್ಕೆ 43 ಮಂದಿಯಲ್ಲಿ ಅದು ಕೊರತೆಯಾಗಿದ್ದಿತು. ಕೊರತೆಯಿದ್ದವರಲ್ಲಿ ಮೈತೂಕವೂ ಇನ್ಸುಲಿನ್ನಿಗೆ ಬಗ್ಗದಿರುವ ಗುಣವೂ ಗರ್ಭಕಾಲದ ಮಧುಮೇಹವೂ ಹೆಚ್ಚಾಗಿದ್ದುವೆಂದು 2009ರಲ್ಲಿ ಬರೆದರು. ಎರಡು ಸಂಗತಿಗಳು ಜೊತೆಯಲ್ಲಿ ಕಂಡುಬಂದ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವೆಂದು ಸಿದ್ಧವಾಗದೆಂಬುದನ್ನು ತರ್ಕಶಾಸ್ತ್ರವೇ ಕಲಿಸುವುದು. ಬಿ12 ಸೇವಿಸಿದರೆ ಮಧುಮೇಹವು ತಪ್ಪುವುದೆಂದು ನಾನು ಹೇಳುತ್ತಿಲ್ಲ. ಆದರೆ ಅದರ ಕೊರತೆಯು ರಕ್ತಕ್ಕೂ ನರಗಳಿಗೂ ಕೇಡೆಂಬುದರಲ್ಲಿ ಸಂದೇಹವಿಲ್ಲ. ಧಾನ್ಯದಲ್ಲಿ, ಕಾಯಿಪಲ್ಯದಲ್ಲಿ ಅದು ಸಿಕ್ಕದು. ನಮಗೆ ಹಾಲು ಮೊಸರುಗಳೇ ಆಧಾರ. ನೀರುಮಜ್ಜಿಗೆಯಲ್ಲಿಯೇ ಊಟ ಮುಗಿಸುವ ಮನೆಯ ಸೊಸೆಗೆ ಅದು ಎಷ್ಟು ದೊರೆತೀತು?

ನನ್ನ ಮಗಳು ಗರ್ಭಿಣಿಯಾದಾಗ ಈ ಪರೀಕ್ಷೆಗಳೆಲ್ಲ ವೃಥಾ ಖರ್ಚೆಂದು ನಾನೇ ಗದರಿಸಿದ್ದೆನು. ನನ್ನ ಮಾತನ್ನು ಮೀರಿ ಅವಳು ಮಾಡಿಸಿದಳು. ಬಿ12 ತೀರ ಕಡಮೆಯಿದ್ದಿತು. “ಅಪ್ಪಾಜಿ, ಈ ಮಾತ್ರೆ ತಗೊಂಡರೆ ನಮ್ಮ ಆಚಾರಕ್ಕೆ ವಿರೋಧವಾಗುತ್ತದೆಯೆ?” ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ವಿಚಾರಿಸಿ ತಿಳಿದುದೇನೆಂದರೆ, ಮಾತ್ರೆಯಲ್ಲಿರುವ ಬಿ12ನ್ನು ಸೂಕ್ಷ್ಮಜೀವಿಗಳನ್ನು ಹುದುಗೆಬ್ಬಿಸಿ ತೆಗೆಯುವರು. ಹಾಲು ಮೊಸರಾಗುವಂಥದೇ ಕ್ರಮ. ವಿರೋಧವೇನೂ ಇಲ್ಲವೆಂದು ಅವಳಿಗೆ ಹೇಳಿದೆನು. ಗದರಿಸಿದುದಕ್ಕೆ ಕ್ಷಮೆಯನ್ನೂ ಕೇಳಿದೆನು.

ಇಷ್ಟು ಹೇಳಿದ ಮೇಲೆ ನಮ್ಮ ದಾಸೋಹದ ಮನೆಯ ವಿಷಯವನ್ನು ಹೇಳದೆ ಬಿಟ್ಟರೆ ಅಪಚಾರವಾದೀತು. ಪ್ರಸಾದವನ್ನು ಎಲೆಯಲ್ಲಿ ಬಿಡಬಾರದೆಂಬುದು ನಮ್ಮ ನಿಯಮ. ಬಡಿಸುವವರ ಕೈಯಾದರೋ ಧಾರಾಳ. ಬೇಡವೆಂದರೆ ಅಗೌರವವಾದೀತೆಂದು ಹೆದರಿ ಭಕ್ತನು ಮೂರನೆಯ ಸಲದ ಪಾಯಸವನ್ನೂ ಮುಗಿಸುವನು. ನಾನೂ ಮೂವತ್ತು ವರ್ಷ ಹಾಗೆಯೇ ಮುಗಿಸಿದೆನು. ಎಲೆಯು ಶುದ್ಧವಾಯಿತು, ಅಂಗವು ಕೆಟ್ಟಿತು. ಲಿಂಗಕ್ಕೆ ಆಶ್ರಯವಾದ ಅಂಗವನ್ನು ಕೆಡಿಸಿಕೊಳ್ಳುವುದು ಭಕ್ತಿಯಾಗದು. ಬೇಕಾದಷ್ಟನ್ನೇ ಕೇಳಿ ಪಡೆಯುವುದು ಪ್ರಸಾದದ ನಿರಾಕರಣವಲ್ಲ, ಅದರ ಮರ್ಯಾದೆ.

ಆದುದರಿಂದ ಶ್ರೀಸನ್ನಿಧಿಯಲ್ಲಿ ನಾಲ್ಕು ಬಿನ್ನಹಗಳನ್ನು ಮಾಡುತ್ತೇನೆ. ಎರಡನೆಯ ಸಲ ಬಡಿಸುವ ಮುನ್ನ ಕೇಳುವ ಪದ್ಧತಿಯಾಗಲಿ. ಪಾಠಶಾಲೆಯ ಮಕ್ಕಳ ಊಟದಲ್ಲಿ ಬಿಳಿಯ ಅನ್ನವು ಸ್ವಲ್ಪ ತಗ್ಗಿ, ಕಾಳು, ಸೊಪ್ಪು, ಗಟ್ಟಿ ಮೊಸರು ಹೆಚ್ಚಲಿ. ರಾಗಿಯ ಮುದ್ದೆಯೂ ಮಿತವಾಗಿರಲಿ, ಅದೂ ಪಿಷ್ಟವೇ. ಜಾತ್ರೆಯ ಕಾಲದಲ್ಲಿ ಮೂವತ್ತು ದಾಟಿದ ಭಕ್ತರ ಸೊಂಟ, ರಕ್ತದೊತ್ತಡ, ರಕ್ತಗಳ ಪರೀಕ್ಷೆಗೆ ಏರ್ಪಾಡಾಗಲಿ. ಮಠಕ್ಕೆ ಬಂದು ಆಶೀರ್ವಾದ ಬೇಡುವ ಗರ್ಭಿಣಿಯರಿಗೆ ಸಕ್ಕರೆಯ ಮತ್ತು ಬಿ12ರ ಪರೀಕ್ಷೆಯ ಮಾತನ್ನೂ, ವೈದ್ಯರು ಕೊಟ್ಟ ಫೋಲಿಕ್ ಮತ್ತು ಕಬ್ಬಿಣದ ಮಾತ್ರೆಗಳನ್ನು ಬಿಡಬಾರದೆಂಬ ಮಾತನ್ನೂ ತಿಳಿಸುವಂತಾಗಲಿ.

ಕೊನೆಯದಾಗಿ ನನ್ನ ಲೆಕ್ಕವನ್ನು ಒಪ್ಪಿಸುತ್ತೇನೆ. ಪ್ರಾತಃಕಾಲದಲ್ಲಿ ಒಂದು ಗಂಟೆ ನಡೆದು, ಅನ್ನವನ್ನು ಅರ್ಧಕ್ಕೆ ಇಳಿಸಿ, ಸಿಹಿಯನ್ನು ಹಬ್ಬಕ್ಕೆ ಮೀಸಲಿಟ್ಟು ಒಂದು ವರ್ಷ ಕಳೆದ ಮೇಲೆ ಟ್ರೈಗ್ಲಿಸರೈಡು 162ಕ್ಕೂ ಸಕ್ಕರೆಯು 104ಕ್ಕೂ ಇಳಿದಿವೆ. ಎಚ್‌ಡಿಎಲ್ 37ಕ್ಕೆ ಬಂದಿದೆ. ಕೂಟವಿನ್ನೂ ಪೂರ್ತಿ ಚದರಿಲ್ಲ. ಕಾಯಕವೆಂಬುದನ್ನು ಇಷ್ಟು ಕಾಲ ಕುಳಿತೇ ಬೋಧಿಸಿದವನು ಈಗ ಎದ್ದು ನಡೆಯುತ್ತಿದ್ದೇನೆ. ವಿದ್ಯಾರ್ಥಿಗಳು ನನಗಿಂತ ಮೊದಲೇ ಎದ್ದು ನಡೆಯುವಂತಾಗಲೆಂದು ಹಾರೈಸುತ್ತೇನೆ.