ಹಿಮನದಿಯ ಗತಿವಿಚಾರ



ಸೂರ್ಯನು ನಡೆಯುವುದನ್ನು ಕಣ್ಣಾರೆ ಕಂಡವರಿಲ್ಲ. ಮುಂಜಾನೆ ಮೂಡಲಲ್ಲಿ ಕಂಡವನು ಸಂಜೆ ಪಡುವಲಲ್ಲಿ ಕಾಣುವುದರಿಂದ ಅವನಿಗೆ ಗತಿಯುಂಟೆಂದು ಊಹಿಸುವುದು ನೈಯಾಯಿಕರ ಕ್ರಮ. ಒಂದೆಡೆ ಕಂಡ ದೇವದತ್ತನು ಮತ್ತೊಂದೆಡೆ ಕಂಡುಬಂದರೆ ಅವನು ನಡೆದೇ ಬಂದಿರಬೇಕಷ್ಟೆ. ವಾತ್ಸ್ಯಾಯನನ ನ್ಯಾಯಭಾಷ್ಯವು ಸಾಮಾನ್ಯತೋದೃಷ್ಟವೆಂಬ ಅನುಮಾನಕ್ಕೆ ಸೂರ್ಯನನ್ನೇ ಉದಾಹರಿಸುತ್ತದೆ. ಆದರೆ ನಡೆಯುತ್ತಿದ್ದುದು ಸೂರ್ಯನಲ್ಲ, ತಿರುಗುತ್ತಿದ್ದುದು ಭೂಮಿಯೇ ಎಂಬುದು ಈಗ ಬಾಲಕರೂ ಬಲ್ಲ ಮಾತು. ಆದುದರಿಂದ ಈ ಅನುಮಾನವನ್ನು ಪ್ರಯೋಗಿಸುವವರು, ಯಾವುದು ನಿಂತಿದೆ, ಯಾವುದು ಸರಿದಿದೆ ಎಂಬುದನ್ನು ಮೊದಲು ನಿಶ್ಚಯಮಾಡಿಕೊಳ್ಳತಕ್ಕದ್ದು. ಹಿಮನದಿಗಳ ಗತಿಯನ್ನು ಅಳೆಯುವ ಇಂದಿನ ವಿದ್ವಾಂಸರು ಅನುಸರಿಸುವುದು ಈ ಅನುಮಾನವನ್ನೇ, ಈ ಎಚ್ಚರಿಕೆಯೊಡನೆ.

ಕೇದಾರಯಾತ್ರೆ ಮಾಡಿದವರು ದೇವಾಲಯದ ಹಿಂಬದಿಯ ಎತ್ತರದಲ್ಲಿ ಚೋರಾಬಾರಿಯೆಂಬ ಹಿಮನದಿಯನ್ನು ಕಂಡಿರಬಹುದು. ಮಂದಾಕಿನಿಯು ಅಲ್ಲಿಂದ ಹೊರಡುತ್ತದೆ. ನೋಡುವವರಿಗೆ ಅದು ಕಲ್ಲುಮಣ್ಣು ಮುಸುಕಿದ ನಿಶ್ಚಲವಾದ ರಾಶಿ. ಆದರೂ ಅದು ಹರಿಯುತ್ತಿದೆ. ಶಿಖರಗಳಲ್ಲಿ ಬಿದ್ದ ಹಿಮವು ವರುಷವರುಷವೂ ಒಂದರ ಮೇಲೊಂದು ಅಡಕವಾಗಿ, ಗಟ್ಟಿಯಾದ ನೀರ್ಗಲ್ಲಾಗಿ, ತನ್ನ ಭಾರದಿಂದ ತಾನೇ ಬಾಗುತ್ತ, ತಳದ ಬಂಡೆಯ ಮೇಲೆ ಜಾರುತ್ತ ಕೆಳಗಿಳಿಯುತ್ತದೆ. ಸ್ವಿಟ್ಸರ್ಲೆಂಡಿನ ಊಂಟರಾರ್ ಹಿಮನದಿಯ ಮೇಲೆ 1827ರಲ್ಲಿ ಹೂಗಿ ಎಂಬ ಪಂಡಿತನು ಒಂದು ಗುಡಿಸಲನ್ನು ಕಟ್ಟಿದನು. ಮುಂದೆ ಅಗಾಸಿಜ್ ಅಲ್ಲಿಗೆ ಹೋದಾಗ ಆ ಗುಡಿಸಲು ಒಂದು ಕಿಲೋಮೀಟರಿಗಿಂತಲೂ ಕೆಳಗೆ ಬಂದಿತ್ತು. ಗುಡಿಸಲಿಗೆ ಕಾಲಿಲ್ಲ, ನಡೆದುದು ನೆಲ. 1842ರಲ್ಲಿ ಫೋರ್ಬ್ಸ್ ಎಂಬಾತನು ಆಲ್ಪ್ಸ್ ಪರ್ವತದ ಮೆರ್ ದ ಗ್ಲಾಸ್ ಎಂಬಲ್ಲಿ ಅಳತೆಮಾಡಿ, ಹೊಳೆಯಂತೆಯೇ ಹಿಮನದಿಯೂ ಅಂಚುಗಳಿಗಿಂತ ನಡುವೆ ವೇಗವಾಗಿ ಹರಿಯುವುದೆಂದು ತೋರಿಸಿದನು.

ಗೂಟ ನೆಟ್ಟು ಅಳೆಯುವ ಈ ಕ್ರಮವು ಹಿಮಾಲಯಕ್ಕೆ ಸಾಲದು. ಅಲ್ಲಿನ ಹಿಮನದಿಗಳು ಸಾವಿರಾರು. ಹತ್ತಿ ಹೋಗಲಾಗುವುದು ಕೆಲವಕ್ಕೆ ಮಾತ್ರ. ಈ ಕೊರತೆಯನ್ನು ತುಂಬಿದುದು ಕೃತಕ ಉಪಗ್ರಹ. 1972ನೆಯ ಜುಲೈ 23ರಂದು ಅಮೇರಿಕಾದವರು ಹಾರಿಸಿದ ಮೊದಲನೆಯ ಲ್ಯಾಂಡ್‌ಸ್ಯಾಟ್ ತೆಗೆದ ಚಿತ್ರಗಳಲ್ಲಿ ಒಂದೊಂದು ಬಿಂದುವೂ ನೆಲದ ಮೇಲಿನ ಸುಮಾರು 80 ಮೀಟರನ್ನು ಒಳಕೊಂಡಿತ್ತು. 2015ರಲ್ಲಿ ಯುರೋಪಿನವರು ಹಾರಿಸಿದ ಸೆಂಟಿನೆಲ್-2ರ ಚಿತ್ರಗಳಲ್ಲಿ ಅದು 10 ಮೀಟರು. ಬೆಂಗಳೂರಿನಲ್ಲಿ ನಿರ್ಮಿತವಾದ ಭಾರತದ ಐ.ಆರ್.ಎಸ್.-1ಎ 1988ರಲ್ಲಿ ಕಕ್ಷೆ ಸೇರಿತು. ಇವಕ್ಕಿಂತ ವಿಚಿತ್ರವಾದುದು ಹೆಕ್ಸಗನ್ ಎಂಬ ಗೂಢಚಾರ ಉಪಗ್ರಹಗಳ ಕಥೆ. ಶತ್ರುದೇಶಗಳನ್ನು ಇಣಿಕಿ ನೋಡಲೆಂದು 1970ರ ದಶಕದಲ್ಲಿ ಅವು ತೆಗೆದ ಫಿಲ್ಮು ಸುರುಳಿಗಳನ್ನು ಕರಂಡಕದಲ್ಲಿಟ್ಟು ಆಕಾಶದಿಂದ ಬಿಡುತ್ತಿದ್ದರು. ವಿಮಾನಗಳು ಅವನ್ನು ನಡುಗಾಳಿಯಲ್ಲಿಯೇ ಹಿಡಿಯುತ್ತಿದ್ದವು. ಅವುಗಳೊಳಗೆ ಭೂಪಟಕ್ಕಾಗಿ ತೆಗೆದ ಚಿತ್ರಗಳ ಗೋಪ್ಯವನ್ನು 2002ರಲ್ಲಿ ತೆರವುಮಾಡಲಾಯಿತು. ವೈರಕ್ಕಾಗಿ ತೆಗೆದ ಚಿತ್ರಗಳು ಹೀಗೆ ಹಿಮಾಲಯದ ಹಳೆಯ ದಾಖಲೆಗಳಾದುವು.

ಅಳೆಯುವ ಬಗೆ ಹೀಗೆ. ಒಂದೇ ಹಿಮನದಿಯ ಎರಡು ಚಿತ್ರಗಳನ್ನು, ಒಂದು ವರುಷವೋ ಹೆಚ್ಚೋ ಅಂತರವಿಟ್ಟು, ಒಂದೇ ಋತುವಿನವುಗಳನ್ನು ಆರಿಸುವರು. ಮಳೆಗಾಲದ ಮೋಡ ಸರಿದು ಹೊಸ ಹಿಮ ಬೀಳುವ ಮುನ್ನಿನ ಭಾದ್ರಪದ ಆಶ್ವಯುಜಗಳ ಕಾಲವು ಉತ್ತಮ. ಮೊದಲನೆಯ ಚಿತ್ರದಲ್ಲಿ ಒಂದು ಸಣ್ಣ ಚೌಕವನ್ನು ಹಿಡಿದು, ಅದರೊಳಗಿನ ಬಿರುಕು, ಬಂಡೆ, ಮಣ್ಣಿನ ಗೆರೆಗಳ ವಿನ್ಯಾಸವು ಎರಡನೆಯ ಚಿತ್ರದಲ್ಲಿ ಎಲ್ಲಿ ಹೆಚ್ಚಾಗಿ ಹೋಲುವುದೆಂದು ಗಣಕಯಂತ್ರವು ಹುಡುಕುತ್ತದೆ. ದೊರೆತ ಸ್ಥಾನಕ್ಕೂ ಹಿಂದಿನ ಸ್ಥಾನಕ್ಕೂ ಇರುವ ದೂರವೇ ಗತಿ. ಹೋಲಿಕೆಯ ಗಣಿತವು ಒಂದು ಬಿಂದುವಿನ ಅಂಶಮಾತ್ರದ ಸರಿತವನ್ನೂ ಹಿಡಿಯಬಲ್ಲದು. ಮೊದಲು ಹೇಳಿದ ಎಚ್ಚರಿಕೆಯು ಇಲ್ಲಿ ಬರುತ್ತದೆ. ಉಪಗ್ರಹವೇ ಕೊಂಚ ಓರೆಯಾಗಿ ನೋಡಿದ್ದರೆ ಬೆಟ್ಟವೂ ನಡೆದಂತೆ ತೋರುವುದು. ಅದಕ್ಕಾಗಿ ಹಿಮವಿಲ್ಲದ ಬಂಡೆಗಳನ್ನೂ ಇದೇ ಕ್ರಮದಿಂದ ಅಳೆಯುವರು. ಅವು ಸರಿಯತಕ್ಕವಲ್ಲ, ಸರಿದಂತೆ ಕಂಡರೆ ಅಷ್ಟೂ ಅಳತೆಯ ದೋಷ. ತನ್ನ ದೋಷದ ಪ್ರಮಾಣವನ್ನು ತಾನೇ ಹೇಳಿಕೊಳ್ಳುವ ಈ ರೀತಿಯು ಮೆಚ್ಚತಕ್ಕದ್ದಾಗಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಗಂಗೋತ್ರಿ ಹಿಮನದಿಯನ್ನು ಹೀಗೆ ಅಳೆದು 2014ರಲ್ಲಿ ಪ್ರಕಟಿಸಿದರು. ಮೇಲ್ಭಾಗದಲ್ಲಿ ಅದು ವರುಷಕ್ಕೆ 14ರಿಂದ 85 ಮೀಟರು, ಗೋಮುಖದ ಬಳಿ 20ರಿಂದ 30 ಮೀಟರು ಚಲಿಸುವುದೆಂದು ಕಂಡಿತು. ವೇಗವೂ ಇಳಿಜಾರೂ ತಿಳಿದರೆ ದಪ್ಪವನ್ನು ಗಣಿಸಬಹುದು. ಮೇಲೆ ಸುಮಾರು 540 ಮೀಟರು, ತುದಿಯಲ್ಲಿ 50 ಅಥವಾ 60 ಮೀಟರು ದಪ್ಪವಿರುವುದೆಂದೂ, ಒಟ್ಟು ಸುಮಾರು 23 ಘನ ಕಿಲೋಮೀಟರುಗಳಷ್ಟು ಹಿಮವುಂಟೆಂದೂ ಅವರು ಲೆಕ್ಕಹಾಕಿದರು.

ಇಲ್ಲಿ ಒಂದು ಶಂಕೆ. ಗೋಮುಖವು ಹಿಂದೆ ಸರಿಯುತ್ತಿದೆಯೆಂದು ದಶಕಗಳಿಂದ ಕೇಳಿಬರುತ್ತಿದೆ. ಹಿಮವು ಮುಂದಕ್ಕೆ ಹರಿಯುವುದಾದರೆ ಅದು ಹಿಂದೆ ಸರಿಯುವುದೆಂತು? ಸಮಾಧಾನವು ಸುಲಭ. ಹಿಮವು ಎಂದಿಗೂ ಹಿಂದಕ್ಕೆ ನಡೆಯುವುದಿಲ್ಲ. ಬಂದಷ್ಟಕ್ಕಿಂತ ಕರಗುವುದು ಹೆಚ್ಚಾದರೆ ತುದಿಯ ಗಡಿ ಮಾತ್ರ ಮೇಲಕ್ಕೇರುತ್ತದೆ. ವ್ಯಯವು ಆಯವನ್ನು ಮೀರಿದ ಮನೆಯ ಕಣಜದಂತೆ, ತುಂಬುವುದು ನಿಂತಿಲ್ಲ, ಆದರೂ ಮಟ್ಟ ಇಳಿಯುತ್ತದೆ.

ಎರಡನೆಯ ಶಂಕೆಯು ಇಷ್ಟು ಸುಲಭವಲ್ಲ. ಲೋಕದ ಉಷ್ಣವು ಹೆಚ್ಚುತ್ತಿರಲು, ಕರಗಿದ ನೀರು ತಳಕ್ಕಿಳಿದು ಜಾರಿಕೆಯನ್ನುಂಟುಮಾಡಿ, ಹಿಮನದಿಗಳ ವೇಗವನ್ನು ಹೆಚ್ಚಿಸಬೇಕಲ್ಲವೆ ಎಂಬುದು ಪೂರ್ವಪಕ್ಷ. ವೇಗ ತಗ್ಗಿದರೆ ಹಿಮವು ಉಳಿಯುತ್ತಿದೆಯೆಂದು ಸಂತೋಷಪಡುವವರೂ ಉಂಟು. ಅಮೋರಿ ಡೆಹೆಕ್ ಮತ್ತು ಸಂಗಡಿಗರು 2000ದಿಂದ 2017ರವರೆಗಿನ ಲ್ಯಾಂಡ್‌ಸ್ಯಾಟ್ ಚಿತ್ರಗಳ ಅಪಾರ ಸಂಗ್ರಹವನ್ನು ಜೋಡಿಜೋಡಿಯಾಗಿ ಹೋಲಿಸಿ, 2019ರಲ್ಲಿ ಎರಡು ಎಣಿಕೆಗೂ ಉತ್ತರವಿತ್ತರು. ಏಷ್ಯಾದ ಎತ್ತರದ ಪರ್ವತಗಳ ಹನ್ನೊಂದು ಪ್ರದೇಶಗಳಲ್ಲಿ ಒಂಬತ್ತರೊಳಗೆ ವೇಗವು ಕುಗ್ಗಿತ್ತು. ಲಾಹೌಲ್-ಸ್ಪಿತಿಯಲ್ಲಿ ದಶಕಕ್ಕೆ ಮೂರರಲ್ಲೊಂದು ಪಾಲಿನಷ್ಟು ತಗ್ಗಿತ್ತು. ಕಾರಣವೇನೆಂದರೆ, ಹಿಮನದಿಯನ್ನು ನೂಕುವುದು ಅದರ ಭಾರವೇ. ದಪ್ಪ ಕರಗಿ ತೆಳುವಾದಂತೆ ನೂಕುವ ಬಲವೂ ಕುಂದುತ್ತದೆ. ಈ ನಿಧಾನವು ಆರೋಗ್ಯದ ಲಕ್ಷಣವಲ್ಲ, ಕೃಶತೆಯ ಲಕ್ಷಣ. ಗೂಢಚಾರ ಚಿತ್ರಗಳನ್ನು ಆಧರಿಸಿ ಮಾರರ್ ಮೊದಲಾದವರು ಅದೇ ವರುಷ 650 ಹಿಮನದಿಗಳ ವಿಷಯವಾಗಿ ಕಂಡುಕೊಂಡುದೂ ಇದಕ್ಕೆ ಒಪ್ಪುತ್ತದೆ: 1975ರಿಂದ 2000ದವರೆಗೆ ಆದ ವಾರ್ಷಿಕ ನಷ್ಟಕ್ಕಿಂತ 2000ದಿಂದ 2016ರವರೆಗಿನದು ಸುಮಾರು ಇಮ್ಮಡಿ.

ಕಾರಾಕೋರಂ ಮತ್ತು ಪಶ್ಚಿಮ ಕುನ್ಲುನ್ ಇದಕ್ಕೆ ಅಪವಾದ. ಅಲ್ಲಿ ಆ ಅವಧಿಯಲ್ಲಿ ವೇಗ ಸ್ಥಿರವಾಗಿಯೋ ತುಸು ಹೆಚ್ಚಾಗಿಯೋ ಇತ್ತು. ಅಪವಾದವನ್ನು ಮುಚ್ಚಿಡುವುದು ವಿದ್ವತ್ತಲ್ಲ. ಅದನ್ನೇ ಹಿಡಿದು ಉತ್ಸರ್ಗವನ್ನು ಅಲ್ಲಗಳೆಯುವುದೂ ವಿದ್ವತ್ತಲ್ಲ. 2035ರೊಳಗಾಗಿ ಹಿಮಾಲಯದ ಹಿಮವೇ ಇಲ್ಲದಂತಾಗಬಹುದೆಂದು ಅಂತರರಾಷ್ಟ್ರೀಯ ಹವಾಮಾನ ಸಮಿತಿಯ 2007ರ ವರದಿಯಲ್ಲಿ ಸೇರಿದ್ದ ಮಾತು ಆಧಾರವಿಲ್ಲದುದೆಂದು 2010ರಲ್ಲಿ ಒಪ್ಪಬೇಕಾಯಿತು. ಪ್ರಮಾಣವಿಲ್ಲದ ಒಂದು ವಾಕ್ಯವು ಪ್ರಮಾಣಸಿದ್ಧವಾದ ನೂರು ವಾಕ್ಯಗಳ ಮೇಲೆಯೂ ಸಂಶಯ ತಂದಿತು.

ಕೊನೆಯದಾಗಿ ಸಿಕ್ಕಿಂ. ಅಲ್ಲಿನ ದಕ್ಷಿಣ ಲೊನಾಕ್ ಹಿಮನದಿಯು ಕುಗ್ಗಿದಂತೆ ಅದರ ಮುಂದೆ ಸರೋವರವೊಂದು ಬೆಳೆಯುತ್ತ ಬಂದಿತ್ತು. 2023ನೆಯ ಸೆಪ್ಟೆಂಬರ್ 28ರ ಉಪಗ್ರಹಚಿತ್ರದಲ್ಲಿ ಅದರ ವಿಸ್ತಾರ 167 ಹೆಕ್ಟೇರು. ಅಕ್ಟೋಬರ್ 4ರ ಚಿತ್ರದಲ್ಲಿ 60 ಹೆಕ್ಟೇರು. ನಡುವಿನ ಒಂದು ರಾತ್ರಿಯಲ್ಲಿ ಪಕ್ಕದ ಹೆಪ್ಪುಗಟ್ಟಿದ ಮಣ್ಣುದಿಣ್ಣೆಯ ಸುಮಾರು 1 ಕೋಟಿ 47 ಲಕ್ಷ ಘನಮೀಟರು ಸರೋವರದೊಳಗೆ ಕುಸಿದು, ನೀರು ಕಟ್ಟೆಯೊಡೆದು ತೀಸ್ತಾ ಕಣಿವೆಗೆ ನುಗ್ಗಿತು. ಚುಂಗ್‌ತಾಂಗಿನ ಅಣೆಕಟ್ಟು ಕೊಚ್ಚಿಹೋಯಿತು. ಅನೇಕರು ಪ್ರಾಣ ಕಳೆದುಕೊಂಡರು. ತರುವಾಯ ಹಳೆಯ ಚಿತ್ರಗಳನ್ನು ಮೇಲೆ ಹೇಳಿದ ಕ್ರಮದಿಂದಲೇ ಜೋಡಿಸಿ ನೋಡಿದಾಗ, ಆ ದಿಣ್ಣೆಯು ಕುಸಿಯುವುದಕ್ಕೆ ಕೆಲವು ವರುಷಗಳ ಮೊದಲಿನಿಂದಲೂ ಸರಿಯುತ್ತಲೇ ಇದ್ದುದು ಕಂಡುಬಂದಿತು.