ಮಂದ್ರದ ಪೆಟ್ಟಿಗೆ

ಸಂಗೀತ ಕಛೇರಿಯಲ್ಲಿ ನಮ್ಮೆಲ್ಲರ ಕಣ್ಣು ಗಾಯಕರ ಮೇಲಿರುತ್ತದೆ. ಅವರ ಬೆನ್ನ ಹಿಂದೆ ತಂಬೂರಿ ಹಿಡಿದು ಕುಳಿತವರ ಕಡೆ ನೋಡುವವರು ಕಡಿಮೆ. ಆದರೆ ಆ ತಂಬೂರಿಯ ನಾಲ್ಕನೆಯ ತಂತಿ, ಮಂದ್ರ ಷಡ್ಜ, ಒಂದು ಗಳಿಗೆ ನಿಂತುಹೋಗಲಿ; ಕಛೇರಿಗೆ ಕಾಲೂರಲು ನೆಲವೇ ಇಲ್ಲವಾದಂತೆ ಭಾಸವಾಗುತ್ತದೆ. ಕೆಳಗಿನ ನಾದದ ಸ್ವಭಾವವೇ ಹಾಗೆ. ಇದ್ದಾಗ ತಾನಿದ್ದೇನೆಂದು ಹೇಳಿಕೊಳ್ಳುವುದಿಲ್ಲ, ಇಲ್ಲವಾದಾಗ ಕೊರತೆ ತಿಳಿಯುತ್ತದೆ. ಈ ಕೆಳಗಿನ ನಾದವನ್ನು ಮನೆಗೆ ತರುವ ಒಂದು ಪೆಟ್ಟಿಗೆಯ ವಿಚಾರವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅಂಗಡಿಯವರು ಅದನ್ನು ಸಬ್‌ವೂಫರ್ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ಹಿಂದೆ ಮನೆಯ ಪಡಸಾಲೆಯಲ್ಲಿರುತ್ತಿದ್ದ ವಾಲ್ವ್ ರೇಡಿಯೋಗೆ ದೊಡ್ಡದೊಂದು ಮರದ ಮೈಯಿತ್ತು. ಅದರಲ್ಲಿ ಬರುವ ಗಂಡು ಕಂಠಕ್ಕೆ ಒಂದು ತೂಕವಿತ್ತು. ಇಂದಿನ ಟಿ.ವಿ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಂತಾಗಿದೆ. ಅದರ ಸ್ಪೀಕರುಗಳು ಅಂಗೈಗಿಂತ ಚಿಕ್ಕವು. ಚಿಕ್ಕ ಸ್ಪೀಕರು ಮಾತನ್ನು ಸ್ಪಷ್ಟವಾಗಿ ಕೇಳಿಸೀತು. ಮೃದಂಗದ ಎಡಮುಖವನ್ನು ಕೇಳಿಸಲಾರದು. ಕೆಳಗಿನ ನಾದಕ್ಕೆ ಹೆಚ್ಚು ಗಾಳಿಯನ್ನು ಅಲುಗಾಡಿಸಬೇಕು. ಆ ಕೆಲಸವನ್ನಷ್ಟೇ ವಹಿಸಿಕೊಂಡ ಪೆಟ್ಟಿಗೆ ಈ ಸಬ್‌ವೂಫರ್.

ಎಷ್ಟು ಕೆಳಗಿನ ನಾದ ನಮಗೆ ಬೇಕು? ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20 ಕಂಪನಗಳಿಂದ 20,000 ಕಂಪನಗಳವರೆಗೆ ಕೇಳಬಲ್ಲದು. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಯಲ್ಲಿ ಹಾಡುವವರ ತಂಬೂರಿಯ ಮಂದ್ರ ಷಡ್ಜ ಸುಮಾರು 65 ಕಂಪನ. ವೀಣೆಯ ಅನುಮಂದ್ರ ಪಂಚಮ, ಶ್ರುತಿಗೆ ತಕ್ಕಂತೆ, 60ರ ಆಸುಪಾಸು. ಎಂದರೆ ನಮ್ಮ ಕರ್ನಾಟಕ ಸಂಗೀತ 50ರ ಕೆಳಗೆ ಇಳಿಯುವುದು ಬಹು ಅಪೂರ್ವ. ಸಿನಿಮಾದ ಸಂಗತಿ ಬೇರೆ. 1974ರಲ್ಲಿ ‘ಅರ್ತ್‌ಕ್ವೇಕ್’ ಎಂಬ ಅಮೆರಿಕನ್ ಚಿತ್ರಕ್ಕಾಗಿ ಚಿತ್ರಮಂದಿರಗಳಲ್ಲಿ ದೊಡ್ಡ ದೊಡ್ಡ ಸ್ಪೀಕರುಗಳನ್ನಿಟ್ಟು ಕುರ್ಚಿಗಳನ್ನೇ ನಡುಗಿಸಿದರು. ಅಂದಿನಿಂದ ಚಿತ್ರೋದ್ಯಮಕ್ಕೆ ನಡುಕದ ರುಚಿ ಹತ್ತಿತು. ಇಂದು ‘ಐದು ಪಾಯಿಂಟ್ ಒಂದು’ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದಲ್ಲ, ಆ ಕೊನೆಯ ಒಂದು ಈ ಗುಡುಗು ಸಿಡಿಲುಗಳಿಗಾಗಿಯೇ ಮೀಸಲಾದ ಹಾದಿ. ಅದು 20-30 ಕಂಪನಗಳವರೆಗೂ ಇಳಿಯುತ್ತದೆ.

ಇಲ್ಲಿ ಲೆಕ್ಕವೊಂದಿದೆ. ಅಷ್ಟೇ ಗಟ್ಟಿಯಾಗಿ ಒಂದು ಸ್ಥಾಯಿ ಕೆಳಗಿನ ನಾದವನ್ನು ಹೊರಡಿಸಬೇಕಾದರೆ ಸ್ಪೀಕರಿನ ತಮಟೆ ನಾಲ್ಕರಷ್ಟು ಹಿಂದೆ ಮುಂದೆ ಓಡಾಡಬೇಕು. 60ರಿಂದ 30ಕ್ಕೆ ಇಳಿಯುವುದು ಅರ್ಧದ ಮಾತಲ್ಲ, ನಾಲ್ಕು ಪಟ್ಟಿನ ಮಾತು. ಬೆಲೆ ಏರುವುದೂ ಪೆಟ್ಟಿಗೆ ಬೆಳೆಯುವುದೂ ಇದರಿಂದಲೇ. ವೀಣೆ, ಮೃದಂಗ ಕೇಳುವುದಕ್ಕಷ್ಟೇ 20ರವರೆಗೆ ಇಳಿಯುವ ಪೆಟ್ಟಿಗೆ ತಂದರೆ, ನಾಲ್ಕು ಜನರ ಊಟಕ್ಕೆ ಕಲ್ಯಾಣಮಂಟಪ ಹಿಡಿದಂತೆ. ಹಾಗೆಂದು ತೀರ ಚಿಕ್ಕದೂ ಬೇಡ. ಎಂಟು ಅಂಗುಲದ ಸ್ಪೀಕರು ಏದುಸಿರು ಬಿಡುವ ಕಡೆ ಹತ್ತು ಅಂಗುಲದ್ದು ನಿರಾಯಾಸವಾಗಿ ನಡೆಯುತ್ತದೆ; ನಿರಾಯಾಸವಾಗಿ ನಡೆಯುವ ಸ್ಪೀಕರಿನ ನಾದ ಶುದ್ಧವಾಗಿರುತ್ತದೆ.

ಪೆಟ್ಟಿಗೆಗಳಲ್ಲಿ ಎರಡು ಜಾತಿ. ಒಂದು ಪೂರ್ತಿ ಮುಚ್ಚಿದ್ದು, ಇನ್ನೊಂದು ತೂತಿಟ್ಟದ್ದು. ನೀರಿನ ಹೂಜಿಯ ಬಾಯಿಯ ಮೇಲೆ ಊದಿದರೆ ಒಂದು ಸ್ವರ ಬರುತ್ತದೆಯಲ್ಲ, ತೂತಿನ ಪೆಟ್ಟಿಗೆಯ ರಹಸ್ಯ ಅದೇ. ಆ ಸ್ವರದ ಬಳಿ ಅದು ಹೆಚ್ಚು ಗಟ್ಟಿಯಾಗಿ ನುಡಿಯುತ್ತದೆ. ಅದಕ್ಕಿಂತ ಕೆಳಗೆ ಥಟ್ಟನೆ ಕುಸಿಯುತ್ತದೆ. ಮುಚ್ಚಿದ ಪೆಟ್ಟಿಗೆಯ ಇಳಿತ ನಿಧಾನವಾದದ್ದು. ಚಿಕ್ಕ ಕೋಣೆಯ ಗೋಡೆಗಳು ಕೆಳಗಿನ ನಾದವನ್ನು ತಾವೇ ಎತ್ತಿಕೊಡುವುದರಿಂದ, ಬಸವನಗುಡಿ, ಚಾಮರಾಜಪೇಟೆಗಳ ಕೋಣೆಗಳಿಗೆ ಮುಚ್ಚಿದ ಪೆಟ್ಟಿಗೆಯೇ ಒಗ್ಗುತ್ತದೆಂದು ನನ್ನ ಅನುಭವ. ದೊಡ್ಡ ಹಜಾರವಿದ್ದು ಸಿನಿಮಾವೇ ಪ್ರಧಾನವಾದವರು ತೂತಿನದನ್ನು ಆರಿಸಿಕೊಳ್ಳಲಿ.

ಇನ್ನು ಅಂಗಡಿಯ ಪರೀಕ್ಷೆ. ಎಸ್.ಪಿ. ರಸ್ತೆಗೆ ಹೋಗಿ ಸಬ್‌ವೂಫರ್ ತೋರಿಸಿ ಎನ್ನಿ. ಹಡಗು ಸಿಡಿಯುವ ದೃಶ್ಯವೊಂದನ್ನು ಹಾಕಿ ನಿಮ್ಮ ಎದೆ ಝಲ್ಲೆನಿಸುತ್ತಾರೆ. ಹಡಗು ಸಿಡಿಯುವಾಗ ನಿಜವಾಗಿ ಹೇಗೆ ಕೇಳಿಸುತ್ತದೆಂಬುದು ನಮ್ಮಲ್ಲಿ ಯಾರಿಗೆ ಗೊತ್ತು? ಗೊತ್ತಿಲ್ಲದ ಸದ್ದಿನಿಂದ ಪರೀಕ್ಷೆ ನಡೆಯದು. ಗೊತ್ತಿರುವ ನಾದವನ್ನು ಕೊಂಡೊಯ್ಯಿರಿ: ಒಂದು ತನಿ ಆವರ್ತನ, ಒಂದು ವೀಣೆ, ಒಂದು ಗಂಡು ಕಂಠ. ಮೃದಂಗದ ಎಡಮುಖಕ್ಕೆ ರವೆಯ ಕಣಕ ಹಚ್ಚಿ ಪಡೆಯುವ ಆ ಗುಂಕಾರ ಏಳುವುದಷ್ಟೇ ಅಲ್ಲ, ಕೈ ಅದನ್ನು ಅಡಗಿಸಿದೊಡನೆ ಅಡಗಬೇಕು. ಕೆಟ್ಟ ಪೆಟ್ಟಿಗೆಯಲ್ಲಿ ಏಟು ಮುಗಿದರೂ ಸದ್ದು ಮುಗಿಯುವುದಿಲ್ಲ. ಪ್ರತಿ ಏಟಿಗೂ ಒಂದೇ ‘ಧಂ’. ವೀಣೆಯ ಮಂದ್ರದಲ್ಲಿ ಸ್ವರ ಸ್ವರಕ್ಕೂ ವ್ಯತ್ಯಾಸ ತಿಳಿಯಬೇಕು. ಗಂಡು ಕಂಠ ಕೊಡದೊಳಗಿಂದ ಬಂದಂತಾದರೆ ಸಬ್‌ವೂಫರ್ ತನ್ನ ಗಡಿ ಮೀರಿ ಮೇಲೆ ಬಂದಿದೆಯೆಂದು ತಿಳಿಯಿರಿ. ಗಡಿ ಗೊತ್ತುಮಾಡುವ ತಿರುಪು ಹಿಂಬದಿಯಲ್ಲಿರುತ್ತದೆ. 80ರ ಬಳಿ ನಿಲ್ಲಿಸಿ ನೋಡಿ. ಅದರ ಕೆಳಗೆ ನಾದ ಯಾವ ದಿಕ್ಕಿನಿಂದ ಬಂತೆಂದು ಕಿವಿ ಹೇಳಲಾರದು. ಪೆಟ್ಟಿಗೆ ಮೂಲೆಯಲ್ಲಿದ್ದರೂ ಮೃದಂಗ ಎದುರಿಗೇ ಕೇಳಿಸುತ್ತದೆ.

ಅಂಗಡಿಯಲ್ಲಿ ಗೆದ್ದದ್ದು ಮನೆಯಲ್ಲಿ ಸೋಲಬಹುದು. ನಮ್ಮ ಹಳೆಯ ಮನೆಗಳ ಗಾರೆಯ ಕೆಂಪು ನೆಲ, ದಪ್ಪ ಗೋಡೆ, ಮದ್ರಾಸ್ ತಾರಸಿ, ಇವು ಕೆಳಗಿನ ನಾದವನ್ನು ನುಂಗುವುದಿಲ್ಲ, ಹಿಂದಕ್ಕೆ ಎಸೆಯುತ್ತವೆ. ಹನ್ನೆರಡು ಅಡಿ ಉದ್ದದ ಕೋಣೆಯಲ್ಲಿ ಸುಮಾರು 47 ಕಂಪನದ ನಾದ ಗೋಡೆಯಿಂದ ಗೋಡೆಗೆ ಸರಿಯಾಗಿ ಅಳತೆಗೊಂಡು ನಿಂತುಬಿಡುತ್ತದೆ. ಆ ನಾದದ ಅಲೆಯ ಅರ್ಧ ಉದ್ದ ಹನ್ನೆರಡೇ ಅಡಿ. ಆಗ ಗೋಡೆಗೊರಗಿದವನಿಗೆ ಅಬ್ಬರ, ನಡುವೆ ಕುಳಿತವನಿಗೆ ಅಭಾವ. ಪೆಟ್ಟಿಗೆಯನ್ನು ಎಲ್ಲಿಡಬೇಕೆಂದು ತಿಳಿಯಲು ಒಂದು ಉಪಾಯವಿದೆ. ನೀವು ಕೂರುವ ಕುರ್ಚಿಯ ಮೇಲೆ ಪೆಟ್ಟಿಗೆಯನ್ನು ಕೂರಿಸಿ, ಅದು ನುಡಿಯುತ್ತಿರುವಾಗ ನೀವು ಗೋಡೆಯ ಉದ್ದಕ್ಕೂ ಅಂಬೆಗಾಲಿಟ್ಟು ಹೋಗಿರಿ. ನಾದ ಎಲ್ಲಿ ಸಮವಾಗಿ ಕೇಳಿಸುತ್ತದೆಯೋ ಅಲ್ಲಿ ಪೆಟ್ಟಿಗೆಯನ್ನಿಡಿ. ಪಂಚೆ ಎತ್ತಿ ಕಟ್ಟಿ ಈ ಪ್ರದಕ್ಷಿಣೆ ಮಾಡುವ ಹಿರಿಯರನ್ನು ಕಂಡು ಮೊಮ್ಮಕ್ಕಳು ನಕ್ಕಾರು, ನಗಲಿ. ಸಾವಿರಾರು ರೂಪಾಯಿ ಹೆಚ್ಚಿಗೆ ಕೊಟ್ಟರೂ ದೊರೆಯದ ಫಲ ಇದರಿಂದ ದೊರೆಯುತ್ತದೆ.

ನಮ್ಮ ಮನೆಗೆ ಈ ಪೆಟ್ಟಿಗೆ ಬಂದದ್ದು ನನ್ನ ತಂದೆಯವರಿಗಾಗಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳನ್ನು ವರ್ಷ ವರ್ಷವೂ ಕೇಳಿದವರು ಅವರು. ಎಂಬತ್ತು ದಾಟಿದ ಮೇಲೆ ಹೊರಗೆ ಹೋಗುವುದು ನಿಂತಿತು. ಮುಪ್ಪಿನಲ್ಲಿ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ನಾದವನ್ನು. ಪಿಟೀಲಿನ ನವುರು ಅವರಿಗೆ ಮಸುಕಾಗಿತ್ತು. ಕೆಳಗಿನದು ಕಡೆಯವರೆಗೂ ಉಳಿಯುತ್ತದೆ. ‘ಎಡಗೈ ಒಂದು ಸರಿಯಾಗಿ ಕೇಳಿಸಿದರೆ ಸಾಕಪ್ಪ, ಉಳಿದದ್ದನ್ನು ನಾನೇ ಹಾಡಿಕೊಳ್ಳುತ್ತೇನೆ’ ಎಂದರು.

ಆದರೆ ಗೋಡೆಯ ಆ ಬದಿಯಲ್ಲಿ ಅವರ ವಯಸ್ಸಿನವರೇ ಒಬ್ಬ ತಾಯಿ ಹಾಸಿಗೆ ಹಿಡಿದಿದ್ದರು. ಎರಡು ಮನೆಗೂ ಗೋಡೆ ಒಂದೇ. ನಾದ ಕೆಳಗಿಳಿದಷ್ಟೂ ಗೋಡೆ ಅದಕ್ಕೆ ಹೆಚ್ಚು ದಾರಿ ಬಿಡುತ್ತದೆ. ಹಾಡು ಈಚೆಗೇ ಉಳಿಯುತ್ತದೆ, ಆಚೆಗೆ ಹೋಗುವುದು ಬರಿಯ ಗುದ್ದು. 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಬಡಾವಣೆಗೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮಿತಿ ಹಾಕಿವೆ. ಆದರೆ ಆ ಅಳತೆಯ ಕ್ರಮವೇ ಕೆಳಗಿನ ನಾದವನ್ನು ಬಹಳ ಕಡಿಮೆಯಾಗಿ ಎಣಿಸುವಂಥದು. ಕಾನೂನಿನ ಪ್ರಕಾರ ನೀವು ನಿರಪರಾಧಿ, ಪಕ್ಕದ ಮನೆಯವರಿಗೆ ಮಾತ್ರ ನಿದ್ರೆಯಿಲ್ಲ.

ಅಂಗಡಿಯವರು ಎರಡು ಪೆಟ್ಟಿಗೆಗಳನ್ನು ಒಂದು ಸಂಜೆಯ ಮಟ್ಟಿಗೆ ಮನೆಗೆ ಕಳಿಸಲು ಒಪ್ಪಿದರು. ನಮ್ಮ ಮನೆಯಲ್ಲಿ ಮಗ ಮೃದಂಗ ಹಾಕಿದ. ನಾನು ಪಕ್ಕದ ಮನೆಗೆ ಹೋಗಿ ಆ ತಾಯಿಯ ಮಂಚದ ಬಳಿ ಕುಳಿತೆ. ತೂತಿನ ಪೆಟ್ಟಿಗೆ ನುಡಿದಾಗ ಅವರು, ‘ಯಾರೋ ಕದ ಬಡೀತಿದ್ದಾರೆ, ನೋಡು ಮಗು’ ಎಂದರು. ಮುಚ್ಚಿದ ಹತ್ತು ಅಂಗುಲದ್ದು ನುಡಿದಾಗ ಏನೂ ಹೇಳಲಿಲ್ಲ. ನಾನೇ ಕೇಳಿದೆ, ‘ಏನಾದರೂ ಕೇಳಿಸುತ್ತದೆಯೇ ಅಮ್ಮ?’ ‘ದೂರದಲ್ಲೆಲ್ಲೋ ಕಛೇರಿ ನಡೀತಿರೋ ಹಾಗಿದೆ. ಇರಲಿ ಬಿಡು, ಅಷ್ಟು ಇರಲಿ’ ಎಂದರು. ಆ ಮಟ್ಟಕ್ಕೆ ತಿರುಪಿನ ಬಳಿ ಸುಣ್ಣದ ಚುಕ್ಕೆಯೊಂದನ್ನಿಟ್ಟೆವು. ರಾತ್ರಿ ಒಂಬತ್ತಾದ ಮೇಲೆ ಪೆಟ್ಟಿಗೆಗೆ ವಿಶ್ರಾಂತಿ ಎಂದೂ ಗೊತ್ತುಮಾಡಿದೆವು. ಸಿನಿಮಾಪ್ರಿಯನಾದ ಮಗನಿಗೆ ಸ್ವಲ್ಪ ನಿರಾಸೆಯೇ ಆಯಿತು. ಆದರೆ ಅಜ್ಜ ಕುರ್ಚಿಯ ತೋಳಿನ ಮೇಲೆ ಎಡಗೈಯಿಂದ ತಾಳ ಹಾಕಿದ್ದನ್ನು ಕಂಡ ಮೇಲೆ ಚುಕ್ಕೆಯನ್ನು ದಾಟುವ ಮಾತು ಅವನಿಂದ ಬರಲಿಲ್ಲ.

ಇಷ್ಟರಿಂದ ಹೊರಡುವ ಸೂತ್ರಗಳು ಕೆಲವೇ. ಹಣದ ಹೆಚ್ಚಿನ ಪಾಲು ಮುಖ್ಯ ಸ್ಪೀಕರುಗಳಿಗೆ ಹೋಗಲಿ. ಉಳಿದದ್ದರಲ್ಲಿ ಸಬ್‌ವೂಫರ್ ಬರಲಿ. ವ್ಯಾಟುಗಳ ಸಂಖ್ಯೆ ನೋಡಿ ಮರುಳಾಗಬೇಡಿ. ನಿಮಗೆ ಬಾಯಿಪಾಠವಾದ ಸಂಗೀತವನ್ನೇ ಹಾಕಿಸಿ ಕೇಳಿ. ಕೇಳುವಾಗ ಒಮ್ಮೆ ಪೆಟ್ಟಿಗೆಯನ್ನು ಆರಿಸಿ ನೋಡಿ. ಇದ್ದಾಗ ಗಮನಕ್ಕೆ ಬಾರದೆ, ಆರಿಸಿದಾಗ ಸಂಗೀತ ಬಡವಾದಂತೆ ತೋರಿದರೆ, ಅದು ಒಳ್ಳೆಯ ಪೆಟ್ಟಿಗೆ. ಹಣ ಕೊಡುವ ಮುಂಚೆ ಗೋಡೆಯಾಚೆ ಹೋಗಿ ಅರ್ಧ ಗಂಟೆ ಕುಳಿತು ಬನ್ನಿ. ಆ ಮನೆಯ ಕಾಫಿಯೂ ದೊರೆತೀತು.